ಬಾಲ್ಕನಿಯಲ್ಲಿ ಕಟ್ಟಿದ ಒಂದು ರಟ್ಟಿನ ಹಲಗೆ: ನಮ್ಮ ಶಾಸಕರಿಗೆ ಬಹಿರಂಗ ಪತ್ರ

ನಮ್ಮ ಕ್ಷೇತ್ರದ ವಿಧಾನಸಭಾ ಸದಸ್ಯರಿಗೆ,

ಮಾನ್ಯರೇ, ನಮಸ್ಕಾರಗಳು.

ಬೆಂಗಳೂರಿನಲ್ಲಿ, ತಮ್ಮದೇ ಕ್ಷೇತ್ರದ ಒಂದು ವಸತಿ ಸಮುಚ್ಚಯದಲ್ಲಿ, ನಾನು ಹನ್ನೊಂದು ವರ್ಷಗಳಿಂದ ಸ್ವಂತ ಫ್ಲ್ಯಾಟಿನಲ್ಲಿ ವಾಸವಾಗಿದ್ದೇನೆ. ಕಳೆದ ಮಳೆಗಾಲದ ಕೊನೆಯಲ್ಲಿ ನಮ್ಮ ಬಾಲ್ಕನಿಯ ಕಂಬಿಗೆ, ಒಳಬದಿಯಿಂದ, ಒಂದು ರಟ್ಟಿನ ಹಲಗೆಯನ್ನು ಕಟ್ಟಿದೆ. ಫ್ರಿಜ್ ಬಂದಿದ್ದ ಪೆಟ್ಟಿಗೆಯ ಒಂದು ಮಗ್ಗುಲನ್ನು ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲಕ್ಕೆ ಕತ್ತರಿಸಿ, ಅದರ ಮೇಲೆ ನೀಲಿ ಬಣ್ಣದಲ್ಲಿ "ಕೆರೆಗೆ ಕೊಳಚೆ ನೀರು ಬಿಡಬೇಡಿ" ಎಂದು ನನ್ನ ತಾಯಿ ತಮ್ಮ ದುಂಡು ಅಕ್ಷರದಲ್ಲಿ ಬರೆದಿದ್ದರು. ಮೂರನೆಯ ದಿನ ಮಾಲೀಕರ ಸಂಘದ ನೋಟಿಸು ಮೊಬೈಲಿಗೆ ಬಂತು: 48 ಗಂಟೆಗಳಲ್ಲಿ ತೆಗೆಯದಿದ್ದರೆ ದಿನಕ್ಕೆ 500 ರೂಪಾಯಿ ದಂಡ. ನಾನು ಲಿಖಿತ ವಿವರಣೆ ಕೊಟ್ಟು ಉತ್ತರಕ್ಕಾಗಿ ಕಾದೆ. ಉತ್ತರ ಬರಲಿಲ್ಲ, ಮುಂದಿನ ತಿಂಗಳ ಮೇಂಟೆನೆನ್ಸ್ ಬಿಲ್ಲಿನಲ್ಲಿ "ಇತರೆ" ಎಂಬ ಸಾಲಿನ ಮುಂದೆ ಆರು ದಿನಗಳ 3,000 ರೂಪಾಯಿ ಸೇರಿತ್ತು.

ನೋಟಿಸಿನಲ್ಲಿ ಉಲ್ಲೇಖಿಸಿದ ಬೈಲಾದ ಸಾಲು ಇಷ್ಟೇ: ಸಂಘದ ಅನುಮತಿ ಇಲ್ಲದೆ ಯಾವ ನಿವಾಸಿಯೂ ಕಟ್ಟಡದ ಒಳಗಾಗಲಿ ಮೇಲಾಗಲಿ ಯಾವುದೇ ಬಗೆಯ ಜಾಹೀರಾತು ಅಥವಾ ಭಿತ್ತಿಪತ್ರ ಹಚ್ಚತಕ್ಕದ್ದಲ್ಲ. ಇದು ನಮ್ಮ ಸಂಘದವರು ಕುಳಿತು ಬರೆದ ವಾಕ್ಯವಲ್ಲ. ರಾಜ್ಯದ ಎಷ್ಟೋ ಸಮುಚ್ಚಯಗಳ ಬೈಲಾಗಳಲ್ಲಿ, ಬಾಲ್ಕನಿಯಿಂದ ಬಟ್ಟೆ ನೇತುಹಾಕಬಾರದು, ರತ್ನಗಂಬಳಿ ಕೊಡವಬಾರದು ಎಂಬ ಸಾಲುಗಳ ಪಕ್ಕದಲ್ಲಿಯೇ ಇದೇ ಒಕ್ಕಣೆ ಇದೆ; ಒಬ್ಬರದನ್ನು ಇನ್ನೊಬ್ಬರು ನಕಲು ಮಾಡಿಕೊಂಡು ಬಂದದ್ದು. ಕಂಬಳಿಯ ಧೂಳನ್ನೂ ಮನುಷ್ಯನ ಮಾತನ್ನೂ ಒಂದೇ ಪಟ್ಟಿಯಲ್ಲಿ ಇಟ್ಟದ್ದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು "ಸಂಘದ ಅನುಮತಿ ಇಲ್ಲದೆ" ಎಂಬ ಮಾತು. ಯಾವುದಕ್ಕೆ ಅನುಮತಿ ಕೊಡಬೇಕು, ಯಾವುದಕ್ಕೆ ಕೊಡಬಾರದು, ಎಷ್ಟು ದಿನಗಳಲ್ಲಿ ಹೇಳಬೇಕು, ನಿರಾಕರಿಸಿದರೆ ಕಾರಣ ಕೊಡಬೇಕೇ ಎಂಬುದರ ಬಗ್ಗೆ ಬೈಲಾದಲ್ಲಿ ಒಂದು ಅಕ್ಷರವೂ ಇಲ್ಲ. ನಮ್ಮ ಹಲಗೆ ಹೇಳಿದ ಕೊಳಚೆಯಲ್ಲಿ ನಮ್ಮದೇ ಸಮುಚ್ಚಯದ ಪಾಲೂ ಇತ್ತು. ನಮ್ಮ ಶುದ್ಧೀಕರಣ ಘಟಕ ಎರಡು ಬಾರಿ ಕೆಟ್ಟು ನಿಂತಾಗ ನೀರು ಹಿಂದಿನ ಚರಂಡಿಗೆ ಹರಿದದ್ದನ್ನು ನಾವೆಲ್ಲ ಕಂಡಿದ್ದೇವೆ. ಹಾಗಾಗಿ ಯಾರ ಲೋಪದ ಬಗ್ಗೆ ಮಾತನಾಡಬೇಕಿತ್ತೋ ಅವರ ಬಳಿಯೇ ಮಾತನಾಡಲು ಅನುಮತಿ ಕೇಳಬೇಕಾಯಿತು.

ಅದೇ ವಾರ ಮುಖ್ಯ ಗೇಟಿನ ಮೇಲೆ ಹನ್ನೆರಡು ಅಡಿಯ ಫ್ಲೆಕ್ಸ್ ಇತ್ತು. ಅದರಲ್ಲಿ ಒಂದು ಪೀಠೋಪಕರಣ ಮಳಿಗೆಯ ಜಾಹೀರಾತಿತ್ತು. ಅದರ ಬಾಡಿಗೆ ಸಂಘಕ್ಕೆ ಬರುತ್ತದೆ. ಹಬ್ಬದ ದಿನಗಳಲ್ಲಿ ಅದೇ ಗೇಟಿಗೆ ತಮ್ಮ ಭಾವಚಿತ್ರವಿರುವ ಶುಭಾಶಯದ ಬ್ಯಾನರನ್ನೂ ಕಟ್ಟಲಾಗಿತ್ತು. ಅದನ್ನು ತಾವೇ ಕಟ್ಟಿಸಿದ್ದೀರೆಂದು ನಾನು ಹೇಳುತ್ತಿಲ್ಲ, ಅದಕ್ಕೆ ಆಕ್ಷೇಪವನ್ನೂ ಎತ್ತುತ್ತಿಲ್ಲ. ಅನುಮತಿ ಎಂಬುದು ಯಾರಿಗೆ ಸುಲಭವಾಗಿ ಸಿಗುತ್ತದೆ ಎಂಬುದನ್ನು ತಾವು ಗಮನಿಸಲಿ ಎಂದಷ್ಟೇ ಬರೆದೆ.

ಸಂಘದವರ ವಾದದಲ್ಲಿ ಹುರುಳಿಲ್ಲವೆಂದು ಹೇಳಿದರೆ ಅನ್ಯಾಯವಾಗುತ್ತದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮದ ಪ್ರಕಾರ ಮುಖ್ಯ ಗೋಡೆಗಳು, ಚಾವಣಿ, ಮೆಟ್ಟಿಲು, ಪಡಸಾಲೆ ಇವೆಲ್ಲ ಎಲ್ಲರಿಗೂ ಸೇರಿದ ಜಾಗಗಳು. ಹೊರಗೋಡೆಗೆ ನನಗಿಷ್ಟವಾದ ಬಣ್ಣ ಬಳಿಯುವ ಹಕ್ಕು ನನಗಿಲ್ಲ. ಎಂಟನೆಯ ಮಹಡಿಯಲ್ಲಿ ಸಡಿಲವಾಗಿ ಕಟ್ಟಿದ ಹಲಗೆ ಗಾಳಿಗೆ ಕಳಚಿ ಕೆಳಗೆ ಆಡುವ ಮಗುವಿನ ತಲೆಯ ಮೇಲೆ ಬಿದ್ದರೆ ಹೊಣೆ ಯಾರದು ಎಂದು ಅವರು ಕೇಳುವುದು ನ್ಯಾಯವೇ. ಆ ಕಾರಣ ಕೊಟ್ಟಿದ್ದರೆ ನಾನು ಅಂದೇ ಹಲಗೆಯನ್ನು ಗಾಜಿನ ಬಾಗಿಲ ಒಳಗಡೆ ಇಡುತ್ತಿದ್ದೆ. ಆದರೆ ನಂತರ ಹಾಗೆ ಇಟ್ಟಾಗಲೂ, "ಹೊರಗಿನಿಂದ ಕಾಣುತ್ತದೆ" ಎಂಬ ಕಾರಣಕ್ಕೆ ಎರಡನೆಯ ನೋಟಿಸು ಬಂತು. ಅಲ್ಲಿಗೆ ಪ್ರಶ್ನೆ ಗೋಡೆಯದಾಗಲಿ ಗಾಳಿಯದಾಗಲಿ ಆಗಿ ಉಳಿಯಲಿಲ್ಲ.

ಸಂವಿಧಾನದ 19(1)(ಎ) ವಿಧಿ ವಾಕ್ ಸ್ವಾತಂತ್ರ್ಯವನ್ನೂ ಅಭಿವ್ಯಕ್ತಿ ಸ್ವಾತಂತ್ರ್ಯವನ್ನೂ ಕೊಟ್ಟಿದೆ. 19(2) ಅದಕ್ಕೆ ಹಾಕಬಹುದಾದ ನಿರ್ಬಂಧಗಳ ಆಧಾರಗಳನ್ನು ಎಣಿಸಿ ಹೇಳಿದೆ. ಅಭಿವ್ಯಕ್ತಿ ಬರೀ ಮಾತಲ್ಲ ಎಂಬುದನ್ನು 2004ರಲ್ಲಿ ನವೀನ್ ಜಿಂದಾಲ್ ಪ್ರಕರಣದಲ್ಲಿ, ರಾಷ್ಟ್ರಧ್ವಜವನ್ನು ಗೌರವದಿಂದ ಹಾರಿಸುವುದೂ ಈ ಹಕ್ಕಿನೊಳಗೇ ಬರುತ್ತದೆಂದು ಹೇಳುವ ಮೂಲಕ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ನನ್ನ ಬಾಲ್ಕನಿಯ ಹಲಗೆಯನ್ನು ಮಹಾನಗರ ಪಾಲಿಕೆ ಅದರ ಮಾತಿನ ಕಾರಣಕ್ಕೆ ತೆಗೆಸಿದ್ದರೆ ನಾನು ಉಚ್ಚ ನ್ಯಾಯಾಲಯಕ್ಕೆ ಹೋಗಿ ಕಾರಣ ಕೇಳಬಹುದಿತ್ತು. ಮಾಲೀಕರ ಸಂಘ ಪಾಲಿಕೆಯೂ ಅಲ್ಲ, ಸರ್ಕಾರವೂ ಅಲ್ಲ. ಅದು ಖಾಸಗಿ ಒಪ್ಪಂದದ ಕೂಸು. ಒಂದು ಸಹಕಾರಿ ಗೃಹ ಸಂಘವು ಸದಸ್ಯತ್ವವನ್ನು ಪಾರ್ಸಿಗಳಿಗೆ ಮಾತ್ರ ಸೀಮಿತಗೊಳಿಸಿದ್ದ ಬೈಲಾವನ್ನು 2005ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದೂ ಬೈಲಾ ಎಂದರೆ ಸದಸ್ಯರ ನಡುವಣ ಒಪ್ಪಂದ ಎಂಬ ನೋಟದಿಂದಲೇ. 2023ರ ಜನವರಿಯಲ್ಲಿ ಸಂವಿಧಾನ ಪೀಠವೊಂದು, 19 ಮತ್ತು 21ನೇ ವಿಧಿಗಳ ಹಕ್ಕುಗಳನ್ನು ಸರ್ಕಾರವಲ್ಲದವರ ವಿರುದ್ಧವೂ ಜಾರಿಗೊಳಿಸಬಹುದೆಂದು ಬಹುಮತದಿಂದ ಹೇಳಿತು. ಆ ಮಾತು ನನ್ನಂಥವರಿಗೆ ಧೈರ್ಯ ಕೊಟ್ಟಿದೆ. ಆದರೆ ಮೂರು ಸಾವಿರ ರೂಪಾಯಿ ದಂಡಕ್ಕಾಗಿ ವರ್ಷಗಟ್ಟಲೆ ವ್ಯಾಜ್ಯ ನಡೆಸುವ ಶಕ್ತಿ ಎಷ್ಟು ಕುಟುಂಬಗಳಿಗಿದೆ? ಅಂಥವರಿಗೆ ಶಾಸನದ ಒಂದು ಕಲಮು ಬೇಕು. ಅದನ್ನು ಬರೆಯುವ ಸಭೆಯಲ್ಲಿ ತಾವು ಕುಳಿತಿದ್ದೀರಿ ಎಂಬ ಕಾರಣಕ್ಕೇ ಈ ಪತ್ರ.

ಇಂಥ ಕಲಮನ್ನು ಬರೆಯುವುದು ಕಷ್ಟವಲ್ಲ. ಅಮೆರಿಕದ ಮಿಸ್ಸೌರಿ ರಾಜ್ಯದ ಲ್ಯಾಡ್ಯೂ ಎಂಬ ಊರಿನಲ್ಲಿ, ಗಲ್ಫ್‌ನಲ್ಲಿ ಶಾಂತಿ ಬೇಕೆಂಬ ಒಂದು ಕಾಗದದ ಹಾಳೆಯನ್ನು ಮಹಿಳೆಯೊಬ್ಬರು ಮನೆಯ ಮಹಡಿಯ ಕಿಟಕಿಯಲ್ಲಿ ಇಟ್ಟಿದ್ದರು. ಊರಾಡಳಿತದ ನಿಷೇಧ ಅದಕ್ಕೆ ಅನ್ವಯಿಸಲಾಗದೆಂದು ಅಲ್ಲಿನ ಸುಪ್ರೀಂ ಕೋರ್ಟ್ 1994ರಲ್ಲಿ ಸರ್ವಾನುಮತದಿಂದ ತೀರ್ಪಿತ್ತಿತು. ಖಾಸಗಿ ಮನೆಮಾಲೀಕರ ಸಂಘಗಳಿಗೆ ಆ ತೀರ್ಪು ನೇರವಾಗಿ ತಾಗದ ಕಾರಣ ಕ್ಯಾಲಿಫೋರ್ನಿಯಾ ತನ್ನ ಸಿವಿಲ್ ಸಂಹಿತೆಯಲ್ಲಿಯೇ ಅಳತೆ ಹಾಕಿಕೊಟ್ಟಿದೆ: ವಾಣಿಜ್ಯೇತರ ಫಲಕ ಅಥವಾ ಭಿತ್ತಿಪತ್ರ 9 ಚದರ ಅಡಿ, ಧ್ವಜ ಅಥವಾ ಬ್ಯಾನರ್ 15 ಚದರ ಅಡಿ ಮೀರದಿದ್ದರೆ ಸಂಘ ಅದನ್ನು ನಿಷೇಧಿಸುವಂತಿಲ್ಲ, ಸಾರ್ವಜನಿಕ ಆರೋಗ್ಯ, ಸುರಕ್ಷತೆಗೆ ಧಕ್ಕೆ ಬಂದರೆ, ಇಲ್ಲವೇ ಕಾನೂನಿಗೆ ವಿರುದ್ಧವಾಗಿದ್ದರೆ ಮಾತ್ರ ತಡೆಯಬಹುದು. ಕಾಗದ, ರಟ್ಟು, ಬಟ್ಟೆ ಯಾವುದರಲ್ಲಿ ಬರೆಯಬಹುದೆಂಬುದೂ ಅಲ್ಲಿದೆ, ಕಿಟಕಿ, ಬಾಗಿಲು, ಬಾಲ್ಕನಿಗಳ ಹೆಸರೂ ಅಲ್ಲಿದೆ. ನನ್ನ ತಾಯಿಯ ಹಲಗೆ ಮೂರು ಚದರ ಅಡಿಯದು.

ಇನ್ನೊಂದು ಸಂಗತಿಯನ್ನೂ ತಮ್ಮ ಗಮನಕ್ಕೆ ತರಬೇಕು. ನಮ್ಮಲ್ಲಿ ಬಾಗಿಲ ಪಕ್ಕದ ಹೆಸರಿನ ಫಲಕ "ಏಕರೂಪ"ವಾಗಿರಬೇಕೆಂಬ ನಿರ್ಣಯವಾಗಿ, ಎಲ್ಲವೂ ಇಂಗ್ಲಿಷಿನಲ್ಲಿ ಅಚ್ಚಾಗಿ ಬಂದವು. ಕನ್ನಡದಲ್ಲಿ ಕೆತ್ತಿಸಿ ತಂದಿದ್ದ ಮರದ ಫಲಕವನ್ನು ಎದುರು ಮನೆಯವರು ಕಳಚಿ ಒಳಗಿಟ್ಟರು. ವಾಣಿಜ್ಯ ಮಳಿಗೆಗಳ ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡವಿರಬೇಕೆಂದು 2024ರಲ್ಲಿ ಶಾಸನ ಮಾಡಿದ ರಾಜ್ಯದಲ್ಲಿ, ಸ್ವಂತ ಮನೆಯ ಬಾಗಿಲಲ್ಲಿ ಸ್ವಂತ ಹೆಸರನ್ನು ಕನ್ನಡದಲ್ಲಿ ಬರೆದುಕೊಳ್ಳಲು ಸಮಿತಿಯ ಒಪ್ಪಿಗೆ ಬೇಕಾಗಿರುವುದು ನನಗೆ ನೋವಿನ ಸಂಗತಿ. ಬಾಡಿಗೆಗೆ ಇರುವವರ ಪಾಡು ಇನ್ನೂ ಕೆಟ್ಟದ್ದು. ಅವರಿಗೆ ಸರ್ವಸದಸ್ಯರ ಸಭೆಯಲ್ಲಿ ಮತವಿಲ್ಲ, ದಂಡ ಮಾತ್ರ ಉಂಟು.

ಆದ್ದರಿಂದ 1972ರ ಅಧಿನಿಯಮಕ್ಕೆ ತಿದ್ದುಪಡಿ ತರುವಂತೆ ತಾವು ಸದನದಲ್ಲಿ ಒತ್ತಾಯಿಸಬೇಕೆಂದು ಕೋರುತ್ತೇನೆ. ಸಂಘಗಳು ಫಲಕದ ಅಳತೆ, ಕಟ್ಟುವ ರೀತಿ, ಸುರಕ್ಷತೆ ಇವುಗಳ ಬಗ್ಗೆ ನಿಯಮ ಮಾಡಲಿ. ಅದರಲ್ಲಿ ಏನು ಬರೆದಿದೆ, ಯಾವ ಭಾಷೆಯಲ್ಲಿ ಬರೆದಿದೆ ಎಂಬುದರ ಮೇಲೆ ನಿಯಮ ಮಾಡದಿರಲಿ. ಒಬ್ಬರನ್ನು ನಿಂದಿಸುವ, ದ್ವೇಷ ಹರಡುವ ಬರಹಕ್ಕೆ ದೇಶದ ಕಾನೂನು ಈಗಾಗಲೇ ಇದೆ, ಅದು ಸಾಕು. ನಿಯಮ ಪಾಲಿಸದವರಿಂದ ನಷ್ಟಪರಿಹಾರ ಕೇಳಲು, ತಡೆಯಾಜ್ಞೆ ತರಲು ಅಧಿನಿಯಮದಲ್ಲಿ ದಾರಿ ಇರುವಾಗ, ನಿವಾಸಿಯ ಮಾತನ್ನು ಕೇಳದೆ ಬಿಲ್ಲಿಗೆ ದಂಡ ಸೇರಿಸುವ ಪದ್ಧತಿಯನ್ನು ನಿಲ್ಲಿಸಬೇಕು. ಸಂಘದ ತೀರ್ಮಾನದ ಮೇಲೆ ಮೇಲ್ಮನವಿ ಸಲ್ಲಿಸಲು ಖರ್ಚಿಲ್ಲದ, ಹತ್ತಿರದ ಒಬ್ಬ ಅಧಿಕಾರಿಯೂ ಬೇಕು.

ಎರಡು ನೋಟಿಸುಗಳು, ನನ್ನ ವಿವರಣೆ, ಆ ತಿಂಗಳ ಬಿಲ್ಲು ಮತ್ತು ಬೈಲಾದ ಪ್ರತಿಯನ್ನು ತಮ್ಮ ಕಚೇರಿಗೆ ಪ್ರತ್ಯೇಕವಾಗಿ ತಲುಪಿಸಿದ್ದೇನೆ. ದಂಡದ ಹಣವನ್ನು ನಾನು ಇನ್ನೂ ಕಟ್ಟಿಲ್ಲ. ಹಲಗೆ ಈಗ ತಾಯಿಯ ಕೋಣೆಯ ಬೀರುವಿನ ಹಿಂದೆ ಗೋಡೆಗೆ ಮುಖ ಮಾಡಿಕೊಂಡು ನಿಂತಿದೆ. ಅದನ್ನು ಮತ್ತೆ ಯಾವಾಗ ಕಟ್ಟುವುದೆಂದು ಅವರು ಕೇಳುತ್ತಲೇ ಇದ್ದಾರೆ. ಮುಂದಿನ ಅಧಿವೇಶನಕ್ಕೆ ಮುನ್ನ ತಮ್ಮ ಲಿಖಿತ ಉತ್ತರ ಬಂದರೆ ಅವರಿಗೆ ಓದಿ ಹೇಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ತಮ್ಮ ಕ್ಷೇತ್ರದ ಒಬ್ಬ ಮತದಾರ