ಫೋನಲ್ಲಿ ಸಿಕ್ಕ ಕೆಲಸ ಮುಖ ನೋಡಿದ ಮೇಲೆ ಯಾಕೆ ಹೋಗತ್ತೆ?

ಸಂಪಾದಕರೇ, ನಮಸ್ಕಾರ.

ಮೊನ್ನೆ ಭಾನುವಾರದ ಪುರವಣಿಯಲ್ಲಿ ಆಫ್ರಿಕಾ ಮೂಲದ ನಮ್ಮ ಸಿದ್ದಿ ಜನರ ಡಮಾಮಿ ಕುಣಿತದ ಫೋಟೋ ಅರ್ಧ ಪುಟ ಹಾಕಿದ್ರಿ, ನೋಡಿ ನಿಜವಾಗ್ಲೂ ಖುಷಿ ಆಯ್ತು, ಊರಲ್ಲಿ ಅಮ್ಮ ಅದನ್ನ ಕತ್ತರಿಸಿ ಗೋಡೆಗೆ ಅಂಟಿಸಿದಾರೆ. ಆದ್ರೆ ಎಷ್ಟೋ ವರ್ಷದಿಂದ ಪೇಪರಲ್ಲಿ ನಮ್ಮವರ ಫೋಟೋ ಬರೋದು ಒಂದೋ ಕುಣಿತಕ್ಕೆ, ಇಲ್ಲಾಂದ್ರೆ ಓಟಕ್ಕೆ. ಕೆಲಸ ಹುಡ್ಕೊಂಡು ಹುಬ್ಬಳ್ಳಿಗೋ ಬೆಂಗಳೂರಿಗೋ ಬರೋ ಸಿದ್ದಿ ಹುಡುಗ ಹುಡುಗೀರಿಗೆ ಏನಾಗತ್ತೆ ಅಂತ ಯಾರೂ ಬರೆಯಲ್ಲ, ಅದಕ್ಕೆ ನಾನೇ ಬರೀತಿದೀನಿ.

ನಾನು ಉತ್ತರ ಕನ್ನಡದ ಯಲ್ಲಾಪುರ ತಾಲೂಕಿನವಳು. ಅಪ್ಪ ಅಡಿಕೆ ತೋಟದಲ್ಲಿ ಕೊನೆ ಕೊಯ್ಯೋ ಕೆಲಸ ಮಾಡ್ತಿದ್ರು, ಅಮ್ಮ ಅದೇ ತೋಟದವರ ಮನೇಲಿ ಅಡಿಕೆ ಸುಲೀತಿದ್ರು. ನಾನು ಬಿಕಾಂ ಮಾಡಿದೀನಿ, ಟ್ಯಾಲಿ ಬರತ್ತೆ. ಮೂರು ವರ್ಷದ ಹಿಂದೆ ಹುಬ್ಬಳ್ಳಿಯ ಒಂದು ದೊಡ್ಡ ಬಟ್ಟೆ ಅಂಗಡೀಲಿ ಬಿಲ್ಲಿಂಗ್ ಕೌಂಟರಿಗೆ ಜನ ಬೇಕು ಅಂತ ವಾಟ್ಸಾಪಲ್ಲಿ ಬಂದಿತ್ತು, ಫೋನ್ ಮಾಡ್ದೆ, ಹತ್ತು ನಿಮಿಷ ಮಾತಾಡಿದ್ರು, "ನಿಮ್ ಮಾತು ಸ್ಪಷ್ಟ ಐತ್ರೀ, ನಾಳೆ ಹತ್ತೂವರೆಗೆ ಬರ್ರಿ, ಸೋಮವಾರದಿಂದ ಶುರು ಮಾಡೋಣ" ಅಂದ್ರು. ಮಾರನೇ ದಿನ ಹೋದ್ರೆ ಬಾಗಿಲಲ್ಲೇ ವಾಚ್‌ಮನ್ "ಯಸ್ ಮೇಡಂ, ವಾಟ್ ಮೇಡಂ" ಅಂತ ಇಂಗ್ಲಿಷಲ್ಲಿ ಶುರು ಮಾಡಿದ. ಒಳಗೆ ಮ್ಯಾನೇಜರ್ ನನ್ನ ನೋಡಿದ್ರು, ರೆಸ್ಯೂಮ್ ನೋಡಿದ್ರು, ಮತ್ತೆ ನನ್ನ ನೋಡಿದ್ರು. ಯಾವೂರು ಅಂದ್ರು. ಯಲ್ಲಾಪುರ ಅಂದೆ. "ಅದಲ್ರೀ, ಒರಿಜಿನಲ್ ಎಲ್ಲಿಯವ್ರು?" ಅಂದ್ರು. ಒರಿಜಿನಲ್ಲೂ ಯಲ್ಲಾಪುರನೇ ಸಾರ್, ನಮ್ಮಜ್ಜನ ಅಜ್ಜನೂ ಅಲ್ಲೇ ಹುಟ್ಟಿದ್ದು ಅಂದೆ. ಆಮೇಲೆ ಬಿಲ್ಲಿಂಗ್ ಪೋಸ್ಟ್ ಫುಲ್ ಆಗಿದೆ, ಹಿಂದೆ ಸ್ಟಾಕ್ ರೂಮಲ್ಲಿ ಪ್ಯಾಕಿಂಗ್ ಕೆಲಸ ಇದೆ, ಸಂಬಳ ತಿಂಗಳಿಗೆ ಮೂರು ಸಾವಿರ ಕಮ್ಮಿ ಅಂದ್ರು. ಯಾಕೆ ಅಂತ ಕೇಳಿದ್ದಕ್ಕೆ "ನಮ್ದೇನಿಲ್ಲಮ್ಮ, ಗಿರಾಕಿಗಳು ಏನಂತಾರೋ ಅಂತ" ಅಂದ್ರು. ಪಿಜಿಗೆ ಅಡ್ವಾನ್ಸ್ ಕಟ್ಟಾಗಿತ್ತು, ಊರಿಗೆ ವಾಪಸ್ ಹೋಗೋಕೆ ಮನಸ್ಸಿರಲಿಲ್ಲ, ಸೇರ್ಕೊಂಡೆ.

ಆ ವರ್ಷ ದೀಪಾವಳಿ ಹಿಂದಿನ ದಿನ ಬಿಲ್ಲಿಂಗ್ ಹುಡುಗಿ ಒಬ್ಬಳಿಗೆ ಜ್ವರ ಬಂತು, ಅಂಗಡಿ ತುಂಬ ಜನ, ಬೇರೆ ದಾರಿ ಇಲ್ದೆ ನನ್ನ ಕರ್ದು ಕೌಂಟರಲ್ಲಿ ಕೂರಿಸಿದ್ರು. ಬೆಳಿಗ್ಗೆ ಹತ್ತರಿಂದ ರಾತ್ರಿ ಹತ್ತೂಮುಕ್ಕಾಲರವರೆಗೆ ಬಿಲ್ ಹಾಕ್ದೆ. ಒಬ್ಬೇ ಒಬ್ರು ಗಿರಾಕಿ ನನ್ನ ಬಿಟ್ಟು ಬೇರೆ ಕೌಂಟರಿಗೆ ಹೋಗ್ಲಿಲ್ಲ. ನವಲಗುಂದ ಕಡೆಯ ಅಜ್ಜಿ ಒಬ್ರು ಇಳಕಲ್ ಸೀರೆ ತಗೊಂಡ್ರು, ಚೀಲದಿಂದ ನೋಟು ತೆಗ್ದು ನನ್ನ ಕೈಗೇ ಕೊಟ್ಟು "ನೀನೇ ಎಣಿಸವ್ವ, ನಂಗ್ ಕಣ್ಣು ಕಾಣಂಗಿಲ್ಲ" ಅಂದ್ರು, ಎಣಿಸಿ ಹೆಚ್ಚಾಗಿದ್ದ ಇನ್ನೂರು ರೂಪಾಯಿ ವಾಪಸ್ ಕೊಟ್ಟೆ, ತಲೆ ಸವರಿ ಹೋದ್ರು. ರಾತ್ರಿ ಕ್ಯಾಶ್ ಟ್ಯಾಲಿ ಮಾಡಿದಾಗ ಒಂದು ರೂಪಾಯಿ ವ್ಯತ್ಯಾಸ ಇರ್ಲಿಲ್ಲ. ಹಬ್ಬ ಮುಗೀತು, ಆ ಹುಡುಗಿ ವಾಪಸ್ ಬಂದ್ಳು, ನಾನು ಮತ್ತೆ ಸ್ಟಾಕ್ ರೂಮಿಗೆ. ಅವತ್ತು ನಂಗೆ ಗೊತ್ತಾಗಿದ್ದು ಏನಂದ್ರೆ ಗಿರಾಕಿಗಳು ಏನೂ ಅನ್ನಲ್ಲ, ಅವ್ರ ಹೆಸರು ಹೇಳ್ಕೊಂಡು ಮ್ಯಾನೇಜರ್ ತನ್ನ ಮನಸಲ್ಲಿರೋದನ್ನ ಮಾಡ್ತಿದಾನೆ. ಎಂಟು ತಿಂಗಳಿಗೆ ಬಿಟ್ಟೆ.

ಇದು ನನ್ನೊಬ್ಬಳ ಕಥೆ ಆಗಿದ್ರೆ ಬರೀತಿರಲಿಲ್ಲ. ನಮ್ಮೂರಿನ ಹುಡುಗರು ಬೆಂಗಳೂರಲ್ಲಿ ಯಾವ ಕೆಲಸ ಕೇಳಿಕೊಂಡು ಹೋದ್ರೂ ಕೊನೆಗೆ ಸಿಗೋದು ಸೆಕ್ಯೂರಿಟಿ ಅಥವಾ ಬೌನ್ಸರ್ ಕೆಲಸ, ಮನೆ ಬಾಡಿಗೆಗೆ ಹೋದ್ರೆ ಪಾಸ್‌ಪೋರ್ಟ್ ತೋರ್ಸಿ ಅಂತಾರೆ, ಆಧಾರ್ ತೋರ್ಸಿದ್ರೆ ಡೂಪ್ಲಿಕೇಟಾ ಅಂತ ತಿರುಗಿಸಿ ನೋಡ್ತಾರೆ. ಊರ ಹತ್ರನೇ ರೆಸಾರ್ಟಲ್ಲಿ ರಿಸೆಪ್ಷನಿಗೆ ನನ್ನ ಗೆಳತಿ ಅರ್ಜಿ ಹಾಕಿದ್ಲು, ರಾತ್ರಿ ಗೆಸ್ಟುಗಳ ಮುಂದೆ ಕುಣಿಯೋಕೆ ಬಾ ಅಂದ್ರು. ಡಮಾಮಿ ನಮ್ಮ ಹೆಮ್ಮೆ, ಕುಣಿಯೋದ್ರಲ್ಲಿ ಅವಮಾನ ಏನೂ ಇಲ್ಲ, ಆದ್ರೆ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವಳಿಗೂ ಅದೊಂದೇ ಬಾಗಿಲು ತೆರೆಯೋದು ಅಂದ್ರೆ ಏನರ್ಥ?

ಪೋರ್ಚುಗೀಸರು ನಮ್ಮ ಹಿರಿಯರನ್ನ ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದ್ರು, ಅಲ್ಲಿಂದ ತಪ್ಪಿಸ್ಕೊಂಡು ಘಟ್ಟದ ಕಾಡು ಸೇರಿದವರು ನಾವು. ಶತಮಾನಗಳೇ ಕಳೆದ್ರೂ ಜನ ನಮ್ಮ ಮೈಕಟ್ಟು ಮಾತ್ರ ನೋಡ್ತಾರೆ. 1980ರ ದಶಕದ ಕೊನೆಗೆ ಕ್ರೀಡಾ ಪ್ರಾಧಿಕಾರದವ್ರು ಬಂದು ಸಿದ್ದಿ ಮಕ್ಕಳನ್ನ ಓಟಕ್ಕೆ ಆರಿಸ್ಕೊಂಡು ಹೋದ್ರು, ಕೆಲವರಿಗೆ ಅದ್ರಿಂದ ಒಳ್ಳೇದೂ ಆಯ್ತು, ಕೆಲವೇ ವರ್ಷಕ್ಕೆ ಆ ಸ್ಕೀಮ್ ನಿಂತೋಯ್ತು, ಸ್ಕೂಲು ಅರ್ಧಕ್ಕೆ ಬಿಟ್ಟು ಹೋಗಿದ್ದ ಮಕ್ಕಳು ತೋಟದ ಕೂಲಿಗೆ ವಾಪಸ್ ಬಂದ್ರು. ಓಡೋಕೆ ಬರತ್ತಾ ಅಂತ ಕೇಳೋಕೆ ಮನೆ ಬಾಗಿಲಿಗೆ ಬಂದಿದ್ರು, ಲೆಕ್ಕ ಬರತ್ತಾ ಅಂತ ಕೇಳೋಕೆ ಇವತ್ತಿಗೂ ಯಾರೂ ಬಂದಿಲ್ಲ.

ನಿಮಗೆ ಎಸ್‌ಟಿ ಮೀಸಲಾತಿ ಇದೆಯಲ್ಲ ಅಂತ ಎಲ್ರೂ ಹೇಳ್ತಾರೆ. ಇದೆ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಸಿಕ್ತು. ಆದ್ರೆ ಪಕ್ಕದ ಧಾರವಾಡ, ಬೆಳಗಾವಿ ಜಿಲ್ಲೆಯ ಸಿದ್ದಿಗಳನ್ನ ಪಟ್ಟಿಗೆ ಸೇರ್ಸಿದ್ದು 2020ರಲ್ಲಿ. ನನ್ನ ಸೋದರತ್ತೆನ ಧಾರವಾಡ ಜಿಲ್ಲೆಯ ಕಲಘಟಗಿ ಕಡೆ ಕೊಟ್ಟಿದ್ದು, ಅತ್ತೆ ಮಗನೂ ನನ್ನ ಅಣ್ಣನೂ ಒಂದೇ ವಯಸ್ಸು, ಅಣ್ಣನಿಗೆ ಸರ್ಟಿಫಿಕೇಟ್ ಸಿಕ್ತು, ಜಿಲ್ಲೆ ಗಡಿ ಆಚೆ ಇದ್ದಿದ್ದಕ್ಕೆ ಅವನಿಗೆ ಸಿಗ್ಲಿಲ್ಲ, ಸಿಗೋ ಹೊತ್ತಿಗೆ ಅವನು ಓದು ಬಿಟ್ಟು ಗಾರೆ ಕೆಲಸಕ್ಕೆ ಸೇರಿ ಎಷ್ಟೋ ವರ್ಷ ಆಗಿತ್ತು. ಅದೇ 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನ ಆದಾಗ ನಮ್ಮ ಕೇರಿ ತುಂಬ ಸಿಹಿ ಹಂಚಿದ್ವಿ. ಇದೆಲ್ಲ ದೊಡ್ಡದೇ, ಇಲ್ಲ ಅನ್ನಲ್ಲ. ಆದ್ರೆ ಮೀಸಲಾತಿ ಇರೋದು ಸರ್ಕಾರಿ ಕೆಲಸಕ್ಕೆ, ಇವತ್ತು ಕೆಲಸ ಇರೋದು ಜಾಸ್ತಿ ಪ್ರೈವೇಟಲ್ಲಿ.

ಸಂವಿಧಾನದ 16ನೇ ವಿಧಿ ಜನಾಂಗದ ಕಾರಣಕ್ಕೆ ಕೆಲಸದಲ್ಲಿ ಭೇದ ಮಾಡಬಾರದು ಅಂತ ಸ್ಪಷ್ಟವಾಗಿ ಹೇಳತ್ತೆ, ಆದ್ರೆ ಅದು ಸರ್ಕಾರಿ ಕೆಲಸಕ್ಕೆ ಮಾತ್ರ. 15ನೇ ವಿಧಿ ಪ್ರಕಾರ ಅಂಗಡಿ, ಹೋಟೆಲ್ ಒಳಗೆ ಹೋಗೋದನ್ನ ಜನಾಂಗದ ಕಾರಣಕ್ಕೆ ಯಾರೂ ತಡೆಯೋ ಹಾಗಿಲ್ಲ. ಅಂದ್ರೆ ನಾನು ಆ ಬಟ್ಟೆ ಅಂಗಡಿಗೆ ಸೀರೆ ಕೊಳ್ಳೋಕೆ ಹೋದ್ರೆ ಸಂವಿಧಾನ ನನ್ನ ಜೊತೆ ಬರತ್ತೆ, ಅದೇ ಅಂಗಡೀಲಿ ಸೀರೆ ಬಿಲ್ ಹಾಕೋ ಕೆಲಸ ಕೇಳೋಕೆ ಹೋದ್ರೆ ಬಾಗಿಲಲ್ಲೇ ನಿಂತುಬಿಡತ್ತೆ. ಜಾತಿ ಹಿಡಿದು ಬೈದ್ರೆ ಅಟ್ರಾಸಿಟಿ ಕೇಸ್ ಹಾಕಬಹುದು, ನಗ್ತಾ "ಪೋಸ್ಟ್ ಫುಲ್ ಆಗಿದೆ" ಅಂದವರ ಮೇಲೆ ಏನಂತ ಕಂಪ್ಲೇಂಟ್ ಬರೆಯೋದು? ಅಮೆರಿಕದಲ್ಲಿ ಕೆಲಸದಲ್ಲಿ ಇಂಥ ಭೇದ ಮಾಡೋದನ್ನ ತಡೆಯೋ, ಖಾಸಗಿ ಕಂಪನಿಗಳಿಗೂ ಅನ್ವಯಿಸೋ ಕಾನೂನು 1964ರಲ್ಲೇ ಬಂದಿದೆ. ಅಲ್ಲೇನೂ ಎಲ್ಲ ಸರಿಹೋಗಿಲ್ಲ, ಆದ್ರೆ ದೂರು ಕೊಡೋಕೆ ಒಂದು ಜಾಗ ಇದೆ.

2024ರ ಜುಲೈನಲ್ಲಿ ನಮ್ಮ ಸರ್ಕಾರ ಪ್ರೈವೇಟ್ ಕೆಲಸದಲ್ಲಿ ಸ್ಥಳೀಯರಿಗೆ ಪಾಲು ಕೊಡೋ ಮಸೂದೆ ತಂದು, ಕಂಪನಿಯವರು ಗಲಾಟೆ ಮಾಡಿದ ಮೇಲೆ ತಡೆಹಿಡೀತು. ಮ್ಯಾನೇಜರ್ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಅಂತಿತ್ತು. ರಾಜ್ಯದಲ್ಲಿ ಹುಟ್ಟಿರಬೇಕು, 15 ವರ್ಷ ಇಲ್ಲೇ ಇರ್ಬೇಕು, ಕನ್ನಡ ಓದೋಕೆ ಬರೆಯೋಕೆ ಮಾತಾಡೋಕೆ ಬರ್ಬೇಕು. ನಾನು ಇಷ್ಟಕ್ಕೂ ಸೈ, ಒಂದರಿಂದ ಹತ್ತರವರೆಗೆ ಕನ್ನಡ ಮೀಡಿಯಂ. ಆ ಮಸೂದೆ ಮತ್ತೆ ಬಂದ್ರೂ ಇಂಟರ್‌ವ್ಯೂ ಮಾಡೋವ್ರ ಕಣ್ಣಿಗೆ ಸ್ಥಳೀಯಳ ಥರ ಕಾಣ್ದೇ ಇರೋ ನನ್ನಂಥವಳಿಗೆ ಅದ್ರಿಂದ ಏನು ಸಿಗತ್ತೆ? ಆದ್ದರಿಂದ ಶಾಸಕರಲ್ಲಿ ನನ್ನ ಕೋರಿಕೆ ಇಷ್ಟು: ಜನಾಂಗ, ಬಣ್ಣ, ಮುಖ ನೋಡಿ ಕೆಲಸ ನಿರಾಕರಿಸೋದು, ಸಂಬಳ ಕಡಿಮೆ ಮಾಡೋದು ಖಾಸಗಿಯಲ್ಲೂ ಅಪರಾಧ ಅಂತ ಮಾಡಿ, ದೂರು ತಗೊಳ್ಳೋ ಅಧಿಕಾರ ಕಾರ್ಮಿಕ ಇಲಾಖೆಗೆ ಕೊಡಿ. ಇದ್ರಿಂದ ಬೆಂಗಳೂರಲ್ಲಿ ದುಡಿಯೋ ಮಣಿಪುರ, ನಾಗಾಲ್ಯಾಂಡ್ ಮಕ್ಕಳಿಗೂ ಅನುಕೂಲ ಆಗತ್ತೆ, ಅವರನ್ನೂ ದಿನಾ ಯಾವ ದೇಶ ಅಂತಾನೇ ಕೇಳ್ತಾರೆ.

ನನ್ನ ತಮ್ಮ ಧಾರವಾಡದಲ್ಲಿ ಡಿಪ್ಲೊಮಾ ಕೊನೇ ವರ್ಷ. ರೆಸ್ಯೂಮಲ್ಲಿ ಫೋಟೋ ಹಾಕ್ಲಾ ಬೇಡ್ವಾ ಅಕ್ಕಾ ಅಂತ ಮೊನ್ನೆ ಫೋನ್ ಮಾಡಿ ಕೇಳ್ದ. ಹಾಕು ಅಂದೆ. ಮುಂದಿನ ಜೂನಿಗೆ ಅವನು ಕಂಪನಿಗಳಿಗೆ ಕಳ್ಸೋಕೆ ಶುರು ಮಾಡ್ತಾನೆ, ಅಷ್ಟರೊಳಗೆ ಯಾರಾದ್ರೂ ಒಬ್ಬ ಶಾಸಕರು ಈ ಪ್ರಶ್ನೆನ ಸದನದಲ್ಲಿ ಎತ್ತಲಿ.

ಇಂತಿ,
ಯಲ್ಲಾಪುರ ತಾಲೂಕಿನ ಓದುಗಿ