ಶಾಂತಿನಗರ ಡಿಪೋ: ಹಳೇ ನೆನಪು, ಫೋಟೋ ಇದ್ರೆ ಕೊಡಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ನಮ್ಮ ಶಾಂತಿನಗರ ಬಸ್ ಡಿಪೋ ಬಗ್ಗೆ ಒಂದು ಚಿಕ್ಕ ಇತಿಹಾಸ ಬರೆಯೋಣ ಅಂತ ಮಾತಾಗಿತ್ತಲ್ವಾ, ಅದನ್ನು ಶುರು ಮಾಡಿದ್ದೇವೆ.

ಹಿನ್ನೆಲೆ ಸುಲಭ. ಬೆಂಗಳೂರಿನ ಸಿಟಿ ಬಸ್ ಸೇವೆ 1940ರಲ್ಲಿ ಖಾಸಗಿ ಕಂಪನಿಯಿಂದ ಆರಂಭ. 1956ರಲ್ಲಿ ಸರ್ಕಾರದ ಕೈಗೆ ಬಂದು ಬಿಟಿಎಸ್ (ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವಿಸ್) ಆಯಿತು. 1961ರಲ್ಲಿ ರಾಜ್ಯ ಸಾರಿಗೆ ನಿಗಮಕ್ಕೆ ಸೇರಿತು. 1997ರಲ್ಲಿ ಬೇರೆಯಾಗಿ ಬಿಎಂಟಿಸಿ (ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ) ಆಯಿತು. ಆದ್ರೂ ನಮ್ಮ ಮನೆಯ ಹಿರಿಯರಿಗೆ ಈಗಲೂ ಅದು 'ಬಿಟಿಎಸ್ ಬಸ್ಸೇ'!

ನನಗೆ ಬೇಕಿರೋದು ಇಸವಿಗಳಿಗಿಂತ ಒಳಗಿನ ಕೆಲಸದ ಕಥೆ. ರಾತ್ರಿ ಕೊನೇ ಟ್ರಿಪ್ ಮುಗಿಸಿದ ಕಂಡಕ್ಟರ್ ಚರ್ಮದ ಬ್ಯಾಗಿನಿಂದ ಚಿಲ್ಲರೆ ಸುರಿದು, ವೇ ಬಿಲ್ (ಟ್ರಿಪ್‌ನ ಟಿಕೆಟ್ ಲೆಕ್ಕದ ಹಾಳೆ) ಜೊತೆ ತಾಳೆ ಹಾಕಿ ಹಣ ಕಟ್ಟಬೇಕು. ಅತ್ತ ಡೀಸೆಲ್ ಹಾಕಿಸೋದು, ತೊಳೆಯೋದು, ಬ್ರೇಕ್ ನೋಡೋದು. ಬೆಳಗಿನ ಮೊದಲ ಬಸ್ಸಿಗೆ ಎಲ್ಲಾ ರೆಡಿ ಇರಬೇಕು. ಟಿಕೆಟ್ ಮಷಿನ್ ಬರೋ ಮುಂಚೆ ಬಣ್ಣಬಣ್ಣದ ಟಿಕೆಟ್ ಕಟ್ಟುಗಳ ಲೆಕ್ಕ ಬೇರೆ.

ಮನೆಯಲ್ಲಿ ನಿವೃತ್ತ ಡ್ರೈವರ್, ಮೆಕ್ಯಾನಿಕ್ ಇದ್ರೆ ಮಾತಾಡಿಸಿ, ವಾಯ್ಸ್ ನೋಟ್ ಕಳಿಸಿ. ಹಳೇ ಪಾಸ್, ಟಿಕೆಟ್, ಡಬಲ್ ಡೆಕ್ಕರ್ ಫೋಟೋ ಇದ್ರೆ ಇನ್ನೂ ಒಳ್ಳೇದು. ಫೋಟೋ ಜೊತೆ ಎಲ್ಲಿ, ಯಾವಾಗ ತೆಗೆದದ್ದು ಅಂತ ಬರೆಯಿರಿ.

ಅನುಮತಿ ಇಲ್ಲದೆ ಡಿಪೋ ಒಳಗೆ ಹೋಗಿ ಫೋಟೋ ತೆಗೀಬೇಡಿ. ಸುಮ್ನೆ ಫಾರ್ವರ್ಡ್ ಮಾಡಿದ ಮೆಸೇಜ್ ಕೂಡ ಬೇಡ.