ಬಳ್ಳಾರಿ ಗುಡ್ಡದ ದೊಣೆಗಳನ್ನೂ ತೋರಿಸಿ

ಮಾನ್ಯ ಸಂಪಾದಕರೇ,

ಬಳ್ಳಾರಿ ಕೋಟೆ ನೋಡಲು ಬರುವ ನೆಂಟರಿಗೆ ನಾವೆಲ್ಲ ಮೊದಲು ಹೇಳುವುದು ಫ್ರೆಂಚ್ ಎಂಜಿನಿಯರನ ಕಥೆಯನ್ನು. ಹೈದರ್ ಅಲಿಗಾಗಿ ಆತ ಕೋಟೆಯನ್ನು ಬಲಪಡಿಸಿದ ಮೇಲೆ, ಎದುರಿನ ಕುಂಬಾರ ಗುಡ್ಡವೇ ಹೆಚ್ಚು ಎತ್ತರವೆಂದೂ ಅಲ್ಲಿಂದ ಶತ್ರುವಿನ ತೋಪುಗಳು ಕೋಟೆಯೊಳಕ್ಕೆ ಗುಂಡು ಹಾರಿಸಬಹುದೆಂದೂ ತಿಳಿದು, ಅವನನ್ನು ಗಲ್ಲಿಗೇರಿಸಲಾಯಿತಂತೆ. ಐತಿಹ್ಯವೆಂದು ಹೇಳಿದರೆ ತಪ್ಪೇನಿಲ್ಲ. ಆದರೆ ಚರಿತ್ರೆಯಲ್ಲಿ ಈ ಕೋಟೆ 1792ರಲ್ಲಿ ಟಿಪ್ಪು ಸುಲ್ತಾನನ ಕೈತಪ್ಪಿ ನಿಜಾಮನ ಪಾಲಾದದ್ದು ಶ್ರೀರಂಗಪಟ್ಟಣದ ಒಪ್ಪಂದದಿಂದ, 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಗೆ ಹೋದದ್ದೂ ಒಪ್ಪಂದದಿಂದಲೇ. ಆ ಎರಡು ಸಲವೂ ಕುಂಬಾರ ಗುಡ್ಡಕ್ಕೆ ಕೆಲಸ ಬೀಳಲಿಲ್ಲ.

ನನ್ನ ಮಟ್ಟಿಗೆ ಈ ಗುಡ್ಡದ ನಿಜವಾದ ಸೋಜಿಗವೆಂದರೆ ನೀರು. ವಿಜಯನಗರದ ಸಾಮಂತನಾಗಿದ್ದ ಹನುಮಪ್ಪ ನಾಯಕ ಕಟ್ಟಿಸಿದನೆನ್ನಲಾದ ಮೇಲಿನ ಕೋಟೆಯಲ್ಲಿ, ಬಂಡೆಗಳ ಸೀಳುಗಳನ್ನೇ ಬಳಸಿಕೊಂಡು ಮಳೆನೀರು ತುಂಬಿ ನಿಲ್ಲುವಂತೆ ಮಾಡಿದ ದೊಣೆಗಳಿವೆ. ಗೋಡೆ ಎಷ್ಟೇ ಗಟ್ಟಿಯಿರಲಿ, ಬಳ್ಳಾರಿಯ ಬೇಸಿಗೆಯಲ್ಲಿ ನೀರಿಲ್ಲದೆ ಕಾವಲು ಪಡೆ ಎಷ್ಟು ದಿನ ತಡೆದೀತು? ಹೊರಗಿನಿಂದ ನೀರು ಬಾರದಂತೆ ಮುತ್ತಿಗೆ ಹಾಕಿದವರಿಗೆ ಮೇಲಿದ್ದವರು ಕೊಡುತ್ತಿದ್ದ ಉತ್ತರವೇ ಈ ದೊಣೆಗಳು. ಕೆಳಗಿನ ಕೋಟೆ ಹೈದರನ ಕಾಲದ್ದು, ತೋಪಿನ ಯುದ್ಧಕ್ಕೆಂದು ಕಂದಕ, ಕೊತ್ತಲಗಳೊಡನೆ ಕಟ್ಟಿದ್ದು. ಅದರ ಲೆಕ್ಕವೇ ಬೇರೆ.

ಕಳೆದ ಭಾನುವಾರ ಮೊಮ್ಮಗನನ್ನು ಕರೆದುಕೊಂಡು ಮೇಲೆ ಹತ್ತಿದೆ. ಬೆಳಿಗ್ಗೆ ಒಂಬತ್ತಕ್ಕೇ ಬಂಡೆ ಕಾದು, ಕೈ ಊರಲಾಗಲಿಲ್ಲ. ತಂದಿದ್ದ ನೀರು ಅರ್ಧ ದಾರಿಗೇ ಮುಗಿಯಿತು. (ಏಳು ಗಂಟೆಗೆ ಹತ್ತಿ ಒಂಬತ್ತರೊಳಗೆ ಇಳಿಯುವುದೇ ಲೇಸೆಂದು ಈಗ ತಿಳಿದಿದ್ದೇನೆ.) ಮೇಲೆ ದೊಣೆಯೊಂದರಲ್ಲಿ ಹಸಿರುಗಟ್ಟಿದ ನೀರಿನ ಮೇಲೆ ಪ್ಲಾಸ್ಟಿಕ್ ಬಾಟಲಿಗಳು ತೇಲುತ್ತಿದ್ದವು. "ಇದು ಕಸದ ಗುಂಡಿಯಾ ತಾತ?" ಎಂದು ಹುಡುಗ ಕೇಳಿದ. ಅಲ್ಲವೆಂದು ಅವನಿಗೆ ತಿಳಿಸುವ ಒಂದು ಸಾಲಿನ ಬರಹವೂ ಆ ದೊಣೆಯ ಬಳಿ ನನ್ನ ಕಣ್ಣಿಗೆ ಬೀಳಲಿಲ್ಲ.

ಕೋಟೆಯ ಸ್ಮಾರಕಕ್ಕೆ ಧಕ್ಕೆಯಾಗದಂತೆ ಪ್ರತಿ ದೊಣೆಯ ಬಳಿ ಅದರ ಉಪಯೋಗವನ್ನು ಕನ್ನಡದಲ್ಲಿ ತಿಳಿಸುವ ಪುಟ್ಟ ಫಲಕ ಹಾಕಿಸಬೇಕು, ಹತ್ತುವ ಮೆಟ್ಟಿಲುಗಳ ಬುಡದಲ್ಲಿ ಕುಡಿಯುವ ನೀರು ಸದಾ ಸಿಗುವಂತೆ ನೋಡಿಕೊಳ್ಳಬೇಕು. ಬಾಟಲಿ ಎಸೆಯುವವರು ನಮ್ಮ ಊರಿನವರೇ ಆದ್ದರಿಂದ ದೊಣೆಗಳನ್ನು ಶುಚಿಗೊಳಿಸುವ ಕೆಲಸದಲ್ಲಿ ಶಾಲಾ ಮಕ್ಕಳ ಜೊತೆ ನಾವೂ ಕೈಜೋಡಿಸಬೇಕು. ಸಂಬಂಧಪಟ್ಟವರು ಈ ಬೇಸಿಗೆಯಲ್ಲೇ ಕಸವನ್ನೂ ಹೂಳನ್ನೂ ತೆಗೆಸಿದರೆ ಮುಂಗಾರಿನ ಮಳೆಗೆ ದೊಣೆಗಳು ತಿಳಿನೀರು ತುಂಬಿಕೊಂಡಾವು.

ಇತಿ,
ನಿವೃತ್ತ ಶಿಕ್ಷಕ, ಬಳ್ಳಾರಿ